ಎರಡು ಗೇಣು ಕಡಿಮೆ

ಹುನಗುಂದದಲ್ಲಿ ಬಂಡಿ ಕಟ್ಟುವ ಸುಭಾನಸಾಬನ ಅಂಗಳಕ್ಕೆ ಗುರುಲಿಂಗವ್ವ ಬಂದದ್ದು ಸಾವಿರದ ಒಂಬೈನೂರ ಏಳನೆಯ ಇಸವಿಯಲ್ಲಿ, ಯುಗಾದಿ ಕಳೆದ ಎಂಟನೆಯ ದಿನ. ಇಳಕಲ್ಲಿನಿಂದ ನಡೆದೇ ಬಂದಿದ್ದಳು. ವಯಸ್ಸು ಮೂವತ್ತರ ಆಚೀಚೆ. ಕಾಲಿಗೆಲ್ಲ ಧೂಳು. ಕೂಡ್ರು ಎಂದರೂ ಕೂಡ್ರದೆ ಬೇವಿನ ಗಿಡದ ನೆರಳಿನ ಅಂಚಿನಲ್ಲೇ ನಿಂತಳು.

"ಒಂದು ಬಂಡಿ ಬೇಕಾಗಿತ್ರಿ ಸಾಬ್ರ."

"ಎಂಥಾ ಬಂಡಿ ಯವ್ವಾ? ಹೊಲದ್ದೊ, ಸವಾರಿದೊ?"

"ಮನಿಯಂಥಾದ್ದು."

ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಇಬ್ಬರು ಮಲಗುವಂತಿರಬೇಕು. ಅಡಿಗೆ ಅದರಲ್ಲೇ ಆಗಬೇಕು. ತಿಂಗಳ ಜೋಳ ಹಿಡಿಯಬೇಕು. ಮಗ್ಗ ಹೂಡಿ ನೇಯಲು ಬರಬೇಕು. ಒಂದೇ ಎತ್ತು ಎಳೆಯಬೇಕು. ದಾರಿಯಿಲ್ಲದ ಕಡೆ, ಎರೆ ಹೊಲದಲ್ಲಿ ಹೋದರೂ ಹೂತುಕೊಳ್ಳಬಾರದು.

ಸುಭಾನಸಾಬ ಕೈಯಲ್ಲಿದ್ದ ಬಾಚಿಯನ್ನು ಕೆಳಗಿಟ್ಟು ನಕ್ಕ. "ಇದು ಬಂಡಿ ಅಲ್ಲವ್ವ, ವಾಡೇ. ದೇಸಾಯ್ರೂ ಇಂಥಾದ್ದು ಮಾಡಿಸಿಲ್ಲ."

"ಹಳೇ ಗಾಲಿ, ಹಳೇ ಕಟಿಗಿ, ಏನಿದ್ರೂ ನಡೀತೈತ್ರಿ. ಚಂದ ಇರಬೇಕಂತಿಲ್ಲ. ಮುರೀಬಾರದು, ಅಷ್ಟ." ಸೆರಗಿನ ಗಂಟು ಬಿಚ್ಚಿ ತನ್ನ ಕಿವಿಯ ಬುಗುಡಿಗಳನ್ನು ಕಲ್ಲಿನ ಮೇಲಿಟ್ಟಳು. "ಇದರಾಗ ಆಗೂವಷ್ಟು ಮಾಡ್ರಿ."

"ಮಗ್ಗ ಕುಣಿಯೊಳಗ ಕೂಡೂವಂಥಾದ್ದು. ಅದನ್ನ ಹೊತಗೊಂಡು ಯಾವ ನೇಕಾರ ಊರ ತಿರಗ್ತಾನ?"

ಗುರುಲಿಂಗವ್ವ ನೆಲ ನೋಡಿದಳು. "ನಮ್ಮ ಮನ್ಯಾವ್ರಿಗೆ ದೊಡ್ಡ ಬ್ಯಾನಿ ಆಗೇತ್ರಿ."

ಕುಷ್ಠವನ್ನು ಹೆಸರು ಹಿಡಿದು ಹೇಳಲು ಜನ ಅಂಜುತ್ತಿದ್ದ ಕಾಲ. ಸುಭಾನಸಾಬನಿಗೆ ತಿಳಿಯಿತು. ತಿಳಿದೊಡನೆ ಅವನ ಕಣ್ಣು ಅವಳು ಮುಟ್ಟಿದ ಬುಗುಡಿಗಳ ಕಡೆ ಹೋಯಿತು. ಅವಳೂ ಅದನ್ನು ನೋಡಿದಳು.

ಅವಳ ಗಂಡ ಅಂದಪ್ಪ ಇಳಕಲ್ಲಿನಲ್ಲಿ ಸೆರಗು ಕೂಡಿಸುವುದಕ್ಕೆ ಹೆಸರಾದ ನೇಕಾರ. ಸೀರೆಯ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಕೆಲಸ ಅದು. ಕಣ್ಣಿಗಿಂತ ಬೆರಳಿನಿಂದ ಮಾಡುವಂಥದ್ದು. ಎರಡು ವರ್ಷದಿಂದ ಆ ಬೆರಳುಗಳು ಜೋಮು ಹಿಡಿದಿದ್ದವು. ಹುಬ್ಬು ಉದುರಿ, ಕಿವಿ ದಪ್ಪಗಾದಾಗ ಸಾವಕಾರ ನೂಲು ಕೊಡುವುದು ಬಿಟ್ಟ. ಓಣಿಯ ಹಿರಿಯರು ಮಳೆಗಾಲದೊಳಗೆ ಮನೆ ಬಿಡಲು ಹೇಳಿದ್ದರು. ಬೇರೆ ಯಾವ ಊರಲ್ಲೂ ಗುಡಿಸಲು ಹಾಕಲು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಒಂದು ಕಡೆ ಎಂಟು ದಿನ, ಇನ್ನೊಂದು ಕಡೆ ಎಂಟು ದಿನ. ಎಬ್ಬಿಸಿದ್ರ ಮುಂದ ಹೋಗೂದು. ಅದಕ್ಕ ಬಂಡಿ."

"ಮಗ್ಗ ಯಾಕವ್ವ? ಅಂವ ನೇಯ್ದದ್ದು ಯಾರು ಉಡ್ತಾರ?"

"ಯಾರೂ ಉಡೂದಿಲ್ರಿ. ಆದ್ರ ಮಗ್ಗದ ಮುಂದ ಕುಂತಾಗಷ್ಟ ಅವ್ರು ನನ್ನ ಕೂಡ ಮಾತಾಡ್ತಾರ."

ಆಗುವುದಿಲ್ಲವೆಂದು ಹೇಳಲು ಸುಭಾನಸಾಬ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಹಜರತಬಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ಎಲ್ಲವನ್ನೂ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಗುರುಲಿಂಗವ್ವನ ಬೊಗಸೆಗೆ ನೀರು ಹೊಯ್ಯುತ್ತ, ಗಂಡನ ಕಡೆ ತಿರುಗದೆಯೇ, "ಹೂಂ ಅನ್ರಿ," ಎಂದಳು.

ಅವನು ಹೂಂ ಅಂದ.

*

ಬುಗುಡಿಯ ರೊಕ್ಕದಲ್ಲಿ ಹೊಸ ಕಟ್ಟಿಗೆಯ ಮಾತೇ ಇರಲಿಲ್ಲ. ಸುಭಾನಸಾಬ ಬಾಗಲಕೋಟೆಗೆ ಹೋದ. ಅಲ್ಲಿ ಪ್ಲೇಗು ಬಂದು ಹೋದಮೇಲೆ ಬೀಗ ಬಿದ್ದ ಮನೆಗಳಿದ್ದವು. ಅವುಗಳ ಬಾಗಿಲು, ಹಲಗೆಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಒಂದು ಮನೆಯ ಸಾಗವಾನಿ ಬಾಗಿಲುಗಳು ಬಹುತೇಕ ಪುಕ್ಕಟೆ ಸಿಕ್ಕವು. ಹಳೆಯ ಡೇರೆಯೊಂದರ ದಪ್ಪ ಬಟ್ಟೆ ಸಿಕ್ಕಿತು, ಎರಡು ಕಡೆ ಇಲಿ ಕಡಿದಿತ್ತು. ಗಾಲಿಯದೇ ತೊಂದರೆ. ಟಾಂಗಾದ ಗಾಲಿ ಹಗುರ, ಆದರೆ ಹಸಿ ಎರೆಯಲ್ಲಿ ಚಾಕುವಿನಂತೆ ಇಳಿಯುತ್ತದೆ. ಕೊನೆಗೆ ಬಾದಾಮಿಗೆ ಹೋಗಿ, ಗುಡ್ಡದಿಂದ ಕಲ್ಲು ಸಾಗಿಸುತ್ತಿದ್ದ ಮುರುಕು ಬಂಡಿಯ ಅಗಲವಾದ ಗಾಲಿಗಳನ್ನು ತಂದ. ಒಂದರಲ್ಲಿ ಗುಂಬದಿಂದ ಅಂಚಿಗೆ ಹೋಗುವ ಮೂರು ಆರೆಕಾಲು ಮುರಿದಿದ್ದವು. ಜಾಲಿ ಕಟ್ಟಿಗೆ ಕಡಿದು ಹೊಸದು ಕೂಡಿಸಿದ.

ಬಂಡಿ ಯಾರಿಗೆಂದು ಊರಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಗಾಲಿಗೆ ಕಬ್ಬಿಣದ ಹಳಿ ಏರಿಸಿಕೊಡಲು ಕಮ್ಮಾರ ಒಪ್ಪಲಿಲ್ಲ. "ಬ್ಯಾರೇ ಯಾವ ಬಂಡಿ ಇದ್ರೂ ತಾ ಸುಭಾನ, ಇದು ಬ್ಯಾಡ," ಎಂದ. ಗಂಡಹೆಂಡಿರು ಅಂಗಳದಲ್ಲೇ ಕುಳ್ಳು ಒಟ್ಟಿ ಬೆಂಕಿ ಮಾಡಿದರು. ಹಳಿ ಕೆಂಪಗಾದಾಗ ಅವನು ಇಕ್ಕಳದಿಂದ ಎತ್ತಿ ಗಾಲಿಗೆ ಕೂಡಿಸಿದ. ಹಜರತಬಿ ಸುತ್ತ ಓಡಾಡಿ ನೀರು ಹೊಯ್ದಳು. ಹೊಗೆಯಲ್ಲಿ ಇಬ್ಬರಿಗೂ ಕಣ್ಣು ಕಾಣಲಿಲ್ಲ. ಹಳಿ ಸೊಟ್ಟಾಗಿ ಕೂತಿತು, ಆದರೆ ಗಟ್ಟಿ ಕೂತಿತು.

ಮಗ್ಗದ ಅಳತೆ ತೆಗೆದುಕೊಳ್ಳಲು ಅವನು ಇಳಕಲ್ಲಿಗೆ ಹೋಗಬೇಕಾಯಿತು. ಹೋಗುವಾಗ ದಾರಿಯುದ್ದಕ್ಕೂ, ಏನನ್ನೂ ಮುಟ್ಟಬಾರದು ಎಂದುಕೊಂಡೇ ಹೋದ. ಗುರುಲಿಂಗವ್ವ ನೀರಿಗೆ ಹೋಗಿದ್ದಳು. ಊರ ಬಾವಿಗೆ ಅವಳನ್ನು ಬಿಡುತ್ತಿರಲಿಲ್ಲ, ಹಳ್ಳಕ್ಕೆ ಹೋಗಬೇಕಿತ್ತು. ಹಿತ್ತಿಲ ಛಪ್ಪರದಲ್ಲಿ ಅಂದಪ್ಪ ಕುಣಿಯೊಳಗೆ ಕಾಲಿಳಿಬಿಟ್ಟು, ಉಳಿದಿದ್ದ ನೂಲು ಹಾಕಿ ನೇಯುತ್ತಿದ್ದ. ತೆಳ್ಳಗಿನ ಮನುಷ್ಯ, ಹಣೆಯ ತುಂಬ ವಿಭೂತಿ. ಸುಭಾನಸಾಬ ದೂರದಿಂದಲೇ ಹಗ್ಗ ಚೆಲ್ಲಿ, ಅದರ ತುದಿಯನ್ನು ಎಲ್ಲೆಲ್ಲಿ ಹಿಡಿಯಬೇಕೆಂದು ಹೇಳಿದ. ಅಂದಪ್ಪ ಹಿಡಿದ. ಹಗ್ಗದ ತುದಿ ಕೆಂಪಾಯಿತು. ಅವನ ಬೆರಳು ಸೀಳಿ ರಕ್ತ ಬರುತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

"ಕೈ ನೋಡ್ರಿ," ಎಂದ ಸುಭಾನಸಾಬ.

ಅಂದಪ್ಪ ನೋಡಿ, ಧೋತರದ ಅಂಚಿಗೆ ಒರೆಸಿಕೊಂಡ. "ಪೂಜಿ ಮಾಡುವಾಗ ಲಿಂಗ ಅಂಗೈಯಾಗ ಐತೊ ಇಲ್ಲೊ ಅನ್ನೂದು ಕಣ್ಣಿಲೆ ನೋಡ್ಬೇಕು ಸಾಬ್ರ. ಮುಚ್ಚಿದ್ರ ಗೊತ್ತಾಗೂದಿಲ್ಲ."

ಸುಭಾನಸಾಬ ಬಂಡಿಯ ರೀತಿ ವಿವರಿಸಿದ. ಮಗ್ಗ ಬಂಡಿಯ ಉದ್ದಕ್ಕೆ ಕೂಡುತ್ತದೆ. ತಳದ ಹಲಗೆ ಕೊರೆದು ಕೆಳಗೊಂದು ಪೆಟ್ಟಿಗೆ ತೂಗುಬಿಡುತ್ತೇನೆ, ಅದೇ ಕುಣಿ, ಕಾಲು ಅದರಲ್ಲಿಳಿಯುತ್ತವೆ. ಬಂಡಿ ಹೊರಟಾಗ ಪೆಟ್ಟಿಗೆ ಮೇಲೆತ್ತಿ ಕಟ್ಟುವುದು. ಹಾಸಿನ ಉದ್ದ ನೂಲನ್ನು ಹೊರಗಿನ ಯಾವುದಾದರೂ ಗಿಡಕ್ಕೆ ಹಗ್ಗ ಕಟ್ಟಿ ಎಳೆದರಾಯಿತು. ಮಲಗುವಾಗ ಎಲ್ಲ ಸುತ್ತಿ ಮೇಲಿನ ಬಿದಿರಿಗೆ ತೂಗುಹಾಕಿ, ಕುಣಿಯ ಬಾಯಿಗೆ ಮುಚ್ಚಳ ಹಾಕಿದರೆ ಅದೇ ಹಾಸಿಗೆ. ಒಂದು ಬದಿಗೆ ಜೋಳದ ಪೆಟ್ಟಿಗೆ, ಒಲೆ. ಆಗ ಒಬ್ಬರಿಗಷ್ಟೇ ಜಾಗ ಉಳಿಯುತ್ತದೆ. ಅದಕ್ಕೇ ಇನ್ನೊಂದು ಬದಿಯ ಹಲಗೆಗೆ ಬಿಜಾಗರಿ ಹಚ್ಚುತ್ತೇನೆ. ಹೊರಕ್ಕೆ ಮಡಚಿ, ಕೆಳಗೆ ಎರಡು ಕಾಲು ಕೊಟ್ಟರೆ ಎರಡು ಗೇಣು ಅಗಲವಾಗುತ್ತದೆ. ಇಬ್ಬರು ಮಲಗಬಹುದು.

ಕೇಳುತ್ತ ಅಂದಪ್ಪನ ಮುಖ ಅರಳಿತು. ನೇಕಾರನಿಗೆ ಬಡಿಗನ ಲೆಕ್ಕ ತಿಳಿಯಿತು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಒಂದು ಮಾತು ಸಾಬ್ರ. ಆ ಬದಿ ಹಲಗಿ ಮಡಚೂವಂಗ ಮಾಡಬ್ಯಾಡ್ರಿ. ಮೊಳಿ ಹೊಡೆದು ಬಿಡ್ರಿ."

"ಯಾಕ್ರಿ?"

"ಆಕಿ ಮೈ ಇನ್ನೂ ಚೊಕ್ಕ ಐತಿ. ಒಂದು ಕಲೆ ಇಲ್ಲ. ಬ್ಯಾಡಂದ್ರ ಕೇಳೂದಿಲ್ಲ, ಮಗ್ಗಲಾಗ ಬಂದು ಮಲಗ್ತಾಳ. ಜಾಗಾನ ಇಲ್ಲಂದ್ರ ಏನ್ಮಾಡ್ತಾಳ? ಬಾಗಲಕೋಟ್ಯಾಗ ಅಣ್ಣ ಅದಾನ, ತವರಿಗೆ ಹೋಗ್ತಾಳ. ಕಟಿಗಿ ಸಾಲಲಿಲ್ಲ ಅಂತ ಹೇಳ್ರಿ. ನಾ ಹೇಳಿದ್ದು ಅನಬ್ಯಾಡ್ರಿ."

ಸುಭಾನಸಾಬ ಹಗ್ಗ ಸುತ್ತಿಕೊಂಡ. ತುದಿಯನ್ನು ಅಲ್ಲೇ ಬಾಚಿಯಿಂದ ಕತ್ತರಿಸಿ ಬಿಟ್ಟ.

ಮನೆಗೆ ಬಂದಮೇಲೆ ನಾಲ್ಕು ದಿನ ಆ ಬದಿಯ ಕೆಲಸಕ್ಕೆ ಕೈ ಹಚ್ಚಲಿಲ್ಲ. ಐದನೆಯ ದಿನ ಮೊಳೆ ಹೊಡೆದ. ಗಂಡನಾದವನ ಮಾತು, ಅದರಲ್ಲೂ ಹೆಂಡತಿಯ ಒಳ್ಳೆಯದಕ್ಕೇ ಹೇಳಿದ್ದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಮೊಳೆ ಹೊಡೆಯುವಾಗ ಅವನಿಗೆ ಹಗುರವೆನಿಸಿದ್ದೂ ಖರೆ. ಬಿಜಾಗರಿ ಉಳಿಯಿತು, ಎರಡು ದಿನದ ಕೆಲಸ ಉಳಿಯಿತು, ಅಷ್ಟು ಬೇಗ ಈ ಬಂಡಿ ತನ್ನ ಅಂಗಳದಿಂದ ಹೋಗುತ್ತದೆ. ಯಾವುದಕ್ಕಾಗಿ ಮೊಳೆ ಹೊಡೆದೆ ಎನ್ನುವುದು ಮುಂದೆ ಎಷ್ಟು ಕೇಳಿಕೊಂಡರೂ ಅವನಿಗೆ ಬಗೆಹರಿಯಲಿಲ್ಲ.

*

ರೋಹಿಣಿ ಮಳೆಗೆ ಮುಂಚೆ ಬಂಡಿ ಮುಗಿಯಿತು. ಗುರುಲಿಂಗವ್ವ ಎತ್ತು ಹೊಡೆದುಕೊಂಡು ಬಂದಳು. ಬಂಡಿಯನ್ನು ಒಂದು ಸುತ್ತು ಬಂದು ನೋಡಿದಳು. ಒಲೆಯ ಹಿಂದಿನ ತಗಡು, ನೀರಿನ ಕೊಡ ಕೂಡುವ ತೂತು, ಕುಣಿಯ ಪೆಟ್ಟಿಗೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹತ್ತಿ, ಮುಚ್ಚಳದ ಮೇಲೆ ಮಲಗಿ, ಪಕ್ಕದಲ್ಲಿ ಕೈ ಚಾಚಿದಳು. ಕೈ ಹಲಗೆಗೆ ತಾಗಿತು.

"ಇಬ್ರಿಗೆ ಸಾಲೂದಿಲ್ಲಲ್ರಿ."

"ಕಟಿಗಿ ಕಡಿಮಿ ಬಿತ್ತವ್ವ," ಎಂದ ಸುಭಾನಸಾಬ.

ಅವಳು ಎದ್ದು ಕೂತು, ಅಂಗಳದ ಗೋಡೆಯ ಕಡೆ ಒಮ್ಮೆ, ಅವನ ಮುಖದ ಕಡೆ ಒಮ್ಮೆ ನೋಡಿದಳು. "ಇರ್ಲಿ ಬಿಡ್ರಿ," ಎಂದು ಇಳಿದಳು. ಹಜರತಬಿ ಅವಳ ಮಡಿಲಿಗೆ ಎರಡು ಸೇರು ಜೋಳ, ಒಂದು ಗಡ್ಡೆ ಬೆಲ್ಲ ಹಾಕಿದಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸಿಕೊಂಡು ನಿಂತದ್ದನ್ನು ನೋಡಿ ಸುಭಾನಸಾಬ ಒಳಗೆ ಹೋದ.

ಅಂದಪ್ಪನಿಗೆ ಅವಳನ್ನು ತವರಿಗೆ ಕಳಿಸಲೂ ಆಗಲಿಲ್ಲ, ಅವಳು ತಾನಾಗಿ ಹೋಗಲೂ ಇಲ್ಲ. ಬಾಗಲಕೋಟೆಯ ಅಣ್ಣ ಒಮ್ಮೆ ಬಂದು ಕರೆದನಂತೆ. "ನನ್ನ ಮನಿ ಗಾಲಿ ಮ್ಯಾಲೈತಿ ಅಣ್ಣಾ," ಎಂದು ಕಳಿಸಿದಳಂತೆ. ಗಂಡಹೆಂಡಿರು ಅಮೀನಗಡದ ಬಯಲಲ್ಲಿ ಎಂಟು ದಿನ ಇದ್ದರು, ಎಬ್ಬಿಸಿದರು. ಮುಂದೊಂದು ಕೆರೆಯ ಹಿಂದೆ ಇದ್ದರು, ಅಲ್ಲಿಂದಲೂ ಎಬ್ಬಿಸಿದರು. ಮಳೆ ಹಿಡಿದಾಗ ದಾರಿ ಬಿಟ್ಟು ಎರೆ ಹೊಲಗಳನ್ನು ಹಾಯ್ದು, ಐಹೊಳೆಯ ಕೆಳಗೆ ಮಲಪ್ರಭೆಯ ದಂಡೆಗೆ ಇಳಿದರು. ಅಲ್ಲಿ ಯಾರೂ ಎಬ್ಬಿಸಲಿಲ್ಲ. ಬಂಡಿ ಎಲ್ಲಿಯೂ ಹೂಳಲಿಲ್ಲ, ಮುರಿಯಲಿಲ್ಲ.

ಈ ಸುದ್ದಿಯನ್ನೆಲ್ಲ ಹೇಳಿದವನು ಕುರಿ ಕಾಯುವ ಹುಲ್ಲಪ್ಪ. ಶ್ರಾವಣದ ಕೊನೆಗೆ ಹುನಗುಂದದ ಸಂತೆಗೆ ಬಂದವನು ಸುಭಾನಸಾಬನ ಅಂಗಳದಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದ.

"ನಿನ್ನ ಬಂಡಿ ಚಲೋ ಐತಿ ಬಿಡು. ಒಳಗ ಒಂದು ಹನಿ ಸೋರೂದಿಲ್ಲಂತ. ಆದ್ರ ಆ ಹೆಣ್ಮಗಳು ಒಳಗ ಎಲ್ಲಿ ಮಲಗ್ತಾಳ? ಗಾಲಿ ನಡುವ, ಬಂಡಿ ಬುಡಕ ಗೋಣಿಚೀಲ ಹಾಸಿಕೊಂಡು ಮಲಗ್ತಾಳ. ನೆಲಾ ಅಂಬೂದು ರಾಡಿ ಆಗೇತಿ. ಕೆಮ್ಮು ಹತ್ತೇತಿ ಆಕಿಗೆ."

ಸುಭಾನಸಾಬನ ಕೈಯಲ್ಲಿದ್ದ ಉಳಿ ನಿಂತಿತು. ಅಂದು ಅವನು ಉಣ್ಣಲಿಲ್ಲ. ಹಾಗೆಂದು ಅಂದೇ ಹೊರಡಲೂ ಇಲ್ಲ. ಹಿಂಗಾರಿ ಬಿತ್ತುವ ಕಾಲ, ಕೂರಿಗೆ ಕಟ್ಟಿಕೊಡುವುದಿತ್ತು. ಆ ಬಂಡಿಯ ದೆಸೆಯಿಂದ ಬಿಟ್ಟುಹೋಗಿದ್ದ ಗಿರಾಕಿಗಳು ಈಗಷ್ಟೇ ತಿರುಗಿ ಬರುತ್ತಿದ್ದರು. ಹನ್ನೊಂದು ದಿನ ಹೀಗೇ ಹೋದವು. ಹನ್ನೆರಡನೆಯ ದಿನ ಬೆಳಿಗ್ಗೆ ಹಲಗೆ, ಬಿಜಾಗರಿ, ಗರಗಸ ಕಟ್ಟಿಕೊಂಡು ಹೊರಟ. ಎಲ್ಲಿಗೆ ಎಂದು ಹಜರತಬಿ ಕೇಳಿದಳು. "ಒಂದು ಕೆಲಸ ಉಳದೈತಿ," ಎಂದಷ್ಟೇ ಹೇಳಿದ.

*

ನದಿ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಜಾಲಿ ಗಿಡಗಳ ನಡುವೆ ಬಂಡಿ ಕಂಡಿತು. ಅಂದಪ್ಪ ಅದರ ಕೆಳಗೆ, ಕೆಸರಿನಲ್ಲಿ, ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ. ಗುರುಲಿಂಗವ್ವ ಮೇಲೆ ಮಲಗಿದ್ದಳು.

"ಐದು ದಿನ ಆತ್ರಿ ಜ್ವರ," ಎಂದ ಅಂದಪ್ಪ. "ಹಣಿ ಮುಟ್ಟಿದ್ರ ಸುಡತೈತೊ ಇಲ್ಲೊ ನನಗ ತಿಳೀವಲ್ದು. ನೀವ ನೋಡ್ರಿ."

ಸುಭಾನಸಾಬ ಬಂಡಿ ಹತ್ತಿ ಅವಳ ಹಣೆ ಮುಟ್ಟಿದ. ಕೆಂಡದಂತಿತ್ತು. ಎದೆಯೊಳಗೆ ಉಸಿರು ಗೊರಗೊರ ಅನ್ನುತ್ತಿತ್ತು. ಕಣ್ಣು ತೆರೆದು ಅವಳು ಗುರುತು ಹಿಡಿದಳು.

"ಬಂಡಿ ಗಟ್ಟಿ ಐತ್ರಿ ಸಾಬ್ರ," ಎಂದಳು.

ಅವನಿಗೆ ತಡೆಯಲಾಗಲಿಲ್ಲ. "ಕಟಿಗಿ ಕಡಿಮಿ ಬಿದ್ದಿರಲಿಲ್ಲ ತಂಗಿ. ನಾ ಸುಳ್ಳ ಹೇಳಿದೆ."

"ಗೊತ್ತೈತ್ರಿ. ನಿಮ್ಮ ಗ್ವಾಡಿಗೆ ಹಲಗಿ ಆನಿಸಿ ಇಟ್ಟಿದ್ರಿ, ನೋಡಿದ್ದೆ." ಉಸಿರು ಎಳೆದುಕೊಂಡಳು. "ಅವ್ರು ಹೇಳಿರ್ತಾರ ಅನಕೊಂಡೆ. ಅವ್ರಿಗೆ ಕೇಳಲಿಲ್ಲ. ಕೇಳಿದ್ರ ಜಗಳಾ ಆಗ್ತಿತ್ತು."

ಕೆಳಗಿದ್ದ ಅಂದಪ್ಪ ಎಲ್ಲ ಕೇಳಿದ.

"ಹಲಗಿ ತಂದೀರೇನು?" ಎಂದು ಅವಳೇ ಕೇಳಿದಳು. "ಹಂಗಾದ್ರ ಹಚ್ಚ್ರಿ. ಅವ್ರು ರಾಡ್ಯಾಗ ಕುಂತಾರ."

ಮಳೆಯ ಜಿನುಗಿನಲ್ಲಿ ಸುಭಾನಸಾಬ ಮೊಳೆಗಳನ್ನು ಕಿತ್ತ. ಒಂದೊಂದು ಮೊಳೆಗೂ ಬಂಡಿ ಅಲುಗುತ್ತಿತ್ತು, ಅವಳು ಮುಖ ಕಿವುಚುತ್ತಿದ್ದಳು. ಅವನು ಮೆಲ್ಲಗೆ, ಮೆಲ್ಲಗೆ ಎಂದು ತನಗೇ ಹೇಳಿಕೊಳ್ಳುತ್ತ ಕಿತ್ತ. ಬಿಜಾಗರಿ ಹಚ್ಚಿ, ಹಲಗೆ ಹೊರಕ್ಕೆ ಮಡಚಿ, ಕಾಲು ಕೊಟ್ಟು, ಮೇಲೆ ಡೇರೆ ಬಟ್ಟೆ ಎಳೆದು ಕಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಂದಪ್ಪ ನದಿಗೆ ಹೋಗಿ ಮೈ ತೊಳೆದುಕೊಂಡು ಬಂದ. ಹತ್ತಿ, ಆ ಎರಡು ಗೇಣಿನ ಹಲಗೆಯ ಮೇಲೆ, ಅವಳಿಗೆ ಬೆನ್ನು ಮಾಡಿ ಮಲಗಿದ. ಗುರುಲಿಂಗವ್ವ ಕೈ ಎತ್ತಿ ಅವನ ಬೆನ್ನ ಮೇಲಿಟ್ಟಳು. ಬೆನ್ನಿಗೆ ಆ ಕೈ ಗೊತ್ತಾಯಿತೊ ಇಲ್ಲವೊ, ಅಂದಪ್ಪ ಅಲುಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳು ಹೋದಳು.

ಹುಲ್ಲಪ್ಪ ಹತ್ತಿರದ ಊರಿನಿಂದ ಒಬ್ಬ ಮುದುಕ ಜಂಗಮರನ್ನು ಕರೆತಂದ. ಅವರು ಹತ್ತಿರ ಬರಲಿಲ್ಲ, ಆದರೆ ಬಿಟ್ಟು ಹೋಗಲೂ ಇಲ್ಲ. ಇಪ್ಪತ್ತು ಮಾರು ದೂರದ ಬಂಡೆಯ ಮೇಲೆ ವಿಭೂತಿ, ಬಿಲ್ವಪತ್ರೆ ಇಟ್ಟು, ಏನು ಮಾಡಬೇಕೆಂದು ಕೂಗಿ ಕೂಗಿ ಹೇಳಿದರು. ಸುಭಾನಸಾಬ, ಹುಲ್ಲಪ್ಪ ತೆಗ್ಗು ತೋಡಿದರು. ಅಂದಪ್ಪನೂ ಸಲಿಕೆ ಹಿಡಿದ, ಬೇಡವೆಂದರೂ ಬಿಡಲಿಲ್ಲ. ಅವನ ಅಂಗೈಯ ಚರ್ಮ ಸುಲಿದು ಸಲಿಕೆಯ ಹಿಡಿಗೆ ಹತ್ತಿತು. ಹೆಂಡತಿಯನ್ನು ಕೂಡ್ರಿಸಿ, ಅವಳ ಕೈಯಲ್ಲಿ ಲಿಂಗ ಇಟ್ಟು, ಅದು ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ಮತ್ತೆ ಮತ್ತೆ ನೋಡಿದ.

ಮಣ್ಣು ಎಳೆದಮೇಲೆ ಸುಭಾನಸಾಬನನ್ನು ಒಂದೇ ಮಾತು ಕೇಳಿದ. "ನಾ ಮಾಡಿದ್ದು ತಪ್ಪೇನ್ರಿ ಸಾಬ್ರ?"

"ನನಗ ಗೊತ್ತಿಲ್ರಿ," ಎಂದ ಸುಭಾನಸಾಬ.

*

ಮನೆಗೆ ಬಂದು ಅವನು ಹಜರತಬಿಯ ಮುಂದೆ ಎಲ್ಲ ಹೇಳಿದ. ಅಂದಪ್ಪ ಅಂದದ್ದು, ತಾನು ಮೊಳೆ ಹೊಡೆದದ್ದು, ಹನ್ನೊಂದು ದಿನ ತಡ ಮಾಡಿದ್ದು. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ನಿಮ್ಮಿಬ್ರೊಳಗ ಒಬ್ರಾದ್ರೂ ಆಕಿನ್ನ ಕೇಳಬೇಕಿತ್ತು," ಎಂದಳು.

ಉತ್ತರಕ್ಕೆ ಕಾಯದೆ ಮತ್ತೆ ಮೊರ ಎತ್ತಿಕೊಂಡಳು.

ಆಮೇಲಿಂದ ಸುಭಾನಸಾಬ ತಿಂಗಳಿಗೊಮ್ಮೆ ನದಿ ದಂಡೆಗೆ ಹೋಗತೊಡಗಿದ. ಜೋಳ, ಉಪ್ಪು, ಒಮ್ಮೊಮ್ಮೆ ದಪ್ಪ ನೂಲಿನ ಲಡಿ ಒಯ್ಯುತ್ತಿದ್ದ. ಹಜರತಬಿ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಅಂದಪ್ಪ ಮಗ್ಗದ ಮುಂದೆ ಕೂಡುತ್ತಿದ್ದ, ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಲಾಳಿ ಹಿಡಿಯಲು ಬರುತ್ತಿರಲಿಲ್ಲ. ಎಸೆದರೆ ಎಳೆಗಳ ನಡುವೆ ಹೋಗದೆ ಕೆಳಗೆ ಬೀಳುತ್ತಿತ್ತು. ಮೊದಲ ಸಲ ಅದು ಬಿದ್ದಾಗ ಸುಭಾನಸಾಬ ಸುಮ್ಮನೆ ನೋಡಿದ. ಎರಡನೆಯ ಸಲ ಬಗ್ಗಿ ಎತ್ತಿ, ಅವನ ಕೈಯಲ್ಲೇ ಇಟ್ಟ. ಮಗ್ಗದ ಇನ್ನೊಂದು ಬದಿಗೆ ಕೂತು, ಬಂದ ಲಾಳಿ ಹಿಡಿದು ತಿರುಗಿ ದೂಡುವುದನ್ನು ಕಲಿತ. ಒಂದು ಮಧ್ಯಾಹ್ನಕ್ಕೆ ನಾಲ್ಕು ಬೆರಳು ಬಟ್ಟೆ ಆದರೆ ಅದೇ ಹೆಚ್ಚು. ಇಬ್ಬರೂ ಮಾತಾಡುತ್ತಿರಲಿಲ್ಲ.

ಹೋಳಿಹುಣ್ಣಿಮೆಯ ಮರುದಿನ ಹುಲ್ಲಪ್ಪ ಆ ಬಂಡಿಯ ಎತ್ತನ್ನು ಹೊಡೆದುಕೊಂಡು ಹುನಗುಂದಕ್ಕೆ ಬಂದ. ಅವನ ಮುಖ ನೋಡಿಯೇ ಸುಭಾನಸಾಬ ಹೆಗಲ ಮೇಲೆ ಟವೆಲು ಹಾಕಿಕೊಂಡ. ಈ ಸಲ ಹಜರತಬಿಯೂ ಹೊರಟಳು. ನದಿ ಬತ್ತಿ ಸಣ್ಣಗೆ ಹರಿಯುತ್ತಿತ್ತು, ದಂಡೆಯ ಮಣ್ಣು ಗಟ್ಟಿಯಾಗಿತ್ತು, ಗುರುಲಿಂಗವ್ವನ ಮಗ್ಗುಲಲ್ಲಿ ಅಂದಪ್ಪನಿಗೆ ತೆಗ್ಗು ತೋಡಲು ಸಲಿಕೆ ಎತ್ತಿದರು. ಇಬ್ಬರ ನಡುವೆ ಎಷ್ಟು ಜಾಗ ಬಿಡಬೇಕೆಂದು ಹುಲ್ಲಪ್ಪ ಕೇಳಿದ.

"ಬಿಡಬ್ಯಾಡ್ರಿ," ಎಂದಳು ಹಜರತಬಿ.